ಸುರುಳಿಯ ಐದನೆಯ ಚಿತ್ರ

ಬಸವಾಪಟ್ಟಣದ ನಮ್ಮ ಮನೆಗೆ ಗೋಡೆ ಗಡಿಯಾರ ಬರುವ ಎಷ್ಟೋ ಮೊದಲೇ ಬಂದಿದ್ದ ಬೆಲೆಯುಳ್ಳ ವಸ್ತು ಎಂದರೆ ಚಿತ್ರದ ಸುರುಳಿ. ಉದ್ದನೆಯ ಬಟ್ಟೆಗೆ ಅಂಟಿಸಿದ ನಲವತ್ತು ಚಿತ್ರಗಳು, ಮೇಲೊಂದು ಕೆಳಗೊಂದು ಬಿದಿರಿನ ಕೋಲು. ಮಳೆಗಾಲದಲ್ಲಿ ಬೂಷ್ಟು ಹಿಡಿಯಬಾರದೆಂದು ಅವ್ವ ಅದರ ಮಡಿಕೆಗಳಲ್ಲಿ ಬೇವಿನ ಸೊಪ್ಪಿಟ್ಟು, ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಡುತ್ತಿದ್ದಳು. ಶನಿವಾರ ಅದನ್ನು ಇಳಿಸಿ ಒಣಬಟ್ಟೆಯಲ್ಲಿ ಒರೆಸುವುದು, ಭಾನುವಾರ ಬೆಳಿಗ್ಗೆ ಗುಡಿಗೆ ಒಯ್ಯುವುದು ನನ್ನ ಕೆಲಸ. ಗುಡಿ ಎಂದರೆ ನಮ್ಮ ಕೇರಿಯ ತುದಿಯಲ್ಲಿದ್ದ ಹಂಚಿನ ಒಂದೇ ಕೋಣೆ, ಮಿಶನ್ನಿನ ದೊರೆಗಳು ಕಟ್ಟಿಸಿದ್ದು. ದೊರೆಗಳು ನಾನು ಹುಟ್ಟುವ ಮೊದಲೇ ಹಡಗು ಹತ್ತಿ ಅವರ ದೇಶಕ್ಕೆ ಹೋಗಿದ್ದರು. ಸುರುಳಿ ಉಳಿದಿತ್ತು.

ಅಪ್ಪ ಆ ಗುಡಿಯ ಉಪದೇಶಿ. ಪಾದ್ರಿಗಳಲ್ಲ. ಪಾದ್ರಿಗಳನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಅವರು ಹೊನ್ನಾಳಿಯಲ್ಲಿದ್ದರು, ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಮಿಕ್ಕ ಭಾನುವಾರಗಳೆಲ್ಲ ಅಪ್ಪನವು. ಕೇರಿಯಲ್ಲಿ ಓದು ಬಂದವರು ಕಡಿಮೆ, ಆದ್ದರಿಂದ ಪಾಠವೆಲ್ಲ ಸುರುಳಿಯಿಂದಲೇ. ನಾನು ಒಂದು ಸ್ಟೂಲಿನ ಮೇಲೆ ನಿಂತು ಕೋಲು ಎತ್ತಿ ಹಿಡಿಯಬೇಕು, ಅಪ್ಪ ಹುಣಸೆ ಬರಲಿನಿಂದ ಚಿತ್ರ ತೋರಿಸುತ್ತ ಹೇಳಬೇಕು. ಯಾವ ಚಿತ್ರಕ್ಕೆ ಯಾವ ಮಾತು ಎಂಬುದು ಗೊತ್ತುಮಾಡಿದ್ದಾಗಿತ್ತು. ದೊರೆ ನಮ್ಮ ಅಜ್ಜನಿಗೆ ಬಾಯಿಪಾಠ ಮಾಡಿಸಿದ್ದು, ಅಜ್ಜ ಅಪ್ಪನಿಗೆ ಮಾಡಿಸಿದ್ದು. ನನಗೂ ಕೇಳಿ ಕೇಳಿ ಬಂದಿತ್ತು. ಅಪ್ಪ ಎಲ್ಲಿ ಕೆಮ್ಮಿದರೂ ಮುಂದಿನ ಮಾತು ನಾನು ಹೇಳಿಕೊಡಬಲ್ಲವಳಾಗಿದ್ದೆ.

ಐದನೆಯ ಚಿತ್ರದಲ್ಲಿ ಒಬ್ಬ ಬಿಳಿ ಗಡ್ಡದ ಮುದುಕ, ಅವನ ಮೂವರು ಗಂಡುಮಕ್ಕಳು. ದೊಡ್ಡ ಪ್ರವಾಹದಲ್ಲಿ ಎಲ್ಲರೂ ಮುಳುಗಿದಾಗ ನಾವೆಯಲ್ಲಿ ಉಳಿದುಕೊಂಡವರು. ಇಬ್ಬರು ಮಕ್ಕಳು ಬೆಳ್ಳಗೆ, ಕೆಂಪು ತುಟಿ, ನಿಲುವಂಗಿ ತೊಟ್ಟು ನಿಂತಿದ್ದರು. ಮೂರನೆಯವನು ಕಪ್ಪಗೆ, ಸೊಂಟಕ್ಕೊಂದು ತುಂಡು ಬಟ್ಟೆ, ತಲೆ ತಗ್ಗಿಸಿದ್ದ. ಮುದುಕನ ಬೆರಳು ಅವನ ಕಡೆ. ಇದಕ್ಕೆ ಅಪ್ಪ ಹೇಳುತ್ತಿದ್ದ ಮಾತು: ಈ ಮಗ ತಪ್ಪು ಮಾಡಿದ, ಅದಕ್ಕೆ ಅವನಿಗೆ ಶಾಪ ಬಿತ್ತು, ಮೈ ಕಪ್ಪಾಯಿತು. ಬೆಳ್ಳಗಿನವರ ಸಂತಾನ ಒಡೆಯರಾದರು, ಕಪ್ಪಗಿನವನ ಸಂತಾನ ಸೇವೆಗೆ ನೇಮಕವಾಯಿತು. ಗೊಣಗದೆ ಸೇವೆ ಮಾಡಿದವರು ಪರಲೋಕದಲ್ಲಿ ಹಿಮದ ಹಾಗೆ ಬೆಳ್ಳಗಾಗುತ್ತಾರೆ.

ನಮ್ಮ ಗುಡಿಯಲ್ಲಿ ಕೂತವರೆಲ್ಲ ಆ ಮೂರನೆಯ ಮಗನ ಬಣ್ಣದವರೇ. ಚಿತ್ರ ನೋಡಿದ ಯಾರಿಗೂ ತಾವು ಯಾರ ಸಂತಾನ ಎಂದು ಬೇರೆ ಹೇಳಬೇಕಾಗಿರಲಿಲ್ಲ.

ಅಪ್ಪನಿಗೆ ಒಬ್ಬ ತಮ್ಮ. ತ್ಯಾವಣಿಗೆಯಲ್ಲಿ ಒಬ್ಬ ದಣಿಯ ಮನೆಯಲ್ಲಿ ಜೀತಕ್ಕಿದ್ದ. ನಮ್ಮ ಮೂಲ ಊರು ಅದೇ. ಯಾವ ಕಾರಣಕ್ಕೆ ಆ ಜೀತ ಶುರುವಾಯಿತೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಅಜ್ಜಿ ಮಾತ್ರ ಖಚಿತವಾಗಿ ಹೇಳುತ್ತಿದ್ದುದು ಇಷ್ಟು: ಅಜ್ಜ ದೊರೆಯ ಧರ್ಮಕ್ಕೆ ಸೇರುತ್ತೇನೆಂದಾಗ ದಣಿಯ ತಂದೆ ತಕರಾರು ತೆಗೆದರು, ಆಗ ಅಜ್ಜ ಹಿರಿಮಗನನ್ನು ದೊರೆಗೆ ಬಿಟ್ಟ, ಕಿರಿಮಗನನ್ನು ದಣಿಗೆ ಬಿಟ್ಟ. "ಒಬ್ಬ ಗುಡಿಗೆ, ಒಬ್ಬ ಕೊಟ್ಟಿಗೆಗೆ. ಎರಡು ಕಡೇನೂ ಸರಿ ಆತು ಅಂದ ನಿಮ್ಮಜ್ಜ," ಎನ್ನುತ್ತಿದ್ದಳು. ಹೀಗೆ ಅಪ್ಪ ಸ್ಲೇಟು ಹಿಡಿದ ವಯಸ್ಸಿನಲ್ಲಿ ಚಿಕ್ಕಪ್ಪ ಸಗಣಿ ಬುಟ್ಟಿ ಹಿಡಿದ. ನಾನು ಹೇಳುತ್ತಿರುವ ಕಾಲಕ್ಕೆ ಅವನಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಬರೋ ವರ್ಷ ಮಾಡೋಣ ಎಂದು ದಣಿ ಪ್ರತಿವರ್ಷ ಹೇಳುತ್ತಿದ್ದರು.

ಚಿಕ್ಕಪ್ಪ ತಿಂಗಳಿಗೊಂದು ಭಾನುವಾರ ದಣಿಯನ್ನು ಕೇಳಿಕೊಂಡು ಬರುತ್ತಿದ್ದ. ಗುಡಿಯಲ್ಲಿ ಬಾಗಿಲ ಹತ್ತಿರವೇ ಕೂರುತ್ತಿದ್ದ. ನನಗೆ ಹುಣಸೆ ಚಿಗುರೋ, ಸೀಬೆಕಾಯೋ ಟವೆಲಿನ ಗಂಟಿನಲ್ಲಿ ತರುತ್ತಿದ್ದ. ಮಧ್ಯಾಹ್ನ ಉಂಡು, ಹೊತ್ತು ನೋಡಿ, ಎತ್ತುಗಳಿಗೆ ನೀರಿಲ್ಲ ಎಂದು ಎದ್ದು ಹೋಗುತ್ತಿದ್ದ.

ನಾನು ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ, ತುರ್ತು ಪರಿಸ್ಥಿತಿಯ ಕಾಲ. ಜೀತ ಇಟ್ಟುಕೊಳ್ಳುವುದು ಅಪರಾಧ ಎಂದು ರೇಡಿಯೋದಲ್ಲಿ ಹೇಳತೊಡಗಿದ್ದರು. ಒಂದು ಸಂತೆಯ ದಿನ ತ್ಯಾವಣಿಗೆಯ ದಣಿ ನಮ್ಮ ಮನೆ ಮುಂದೆ ಬಂದು ನಿಂತರು. ಒಳಗೆ ಬರುವವರಲ್ಲ. ಕಟ್ಟೆಯ ಮೇಲೆ ತಮ್ಮದೇ ಶಲ್ಯ ಹಾಸಿಕೊಂಡು ಕೂತರು. ಕೆಟ್ಟ ಮನುಷ್ಯ ಎಂದು ಹೇಳಲಾರೆ. ಅಪ್ಪನ ಕಣ್ಣಿಗೆ ಪೊರೆ ಬರುತ್ತಿದ್ದುದನ್ನು ಮೊದಲು ವಿಚಾರಿಸಿದರು.

"ಶಿವಮೊಗ್ಗಕ್ಕೆ ಹೋಗಿ ತೋರ್ಸು ಉಪದೇಶಿ, ಬಿಡಬ್ಯಾಡ. ಈಗ ನಾನು ಬಂದಿದ್ದು ಬ್ಯಾರೆ ಮಾತಿಗೆ. ಬರೋ ಬುಧವಾರ ತಾಲೂಕು ಆಫೀಸಿನೋರು ನಮ್ಮೂರ ಚಾವಡಿಗೆ ಬರ್ತಾರಂತೆ. ಯಾರು ಜೀತಕ್ಕದಾರೆ ಬರ್ಕೊಳ್ಳಾಕೆ."

"ಹೌದಂತೆ ದಣೀ."

"ನಿನ್ನ ತಮ್ಮ ನಮ್ಮನೆ ಮಗ ಇದ್ದಂಗೆ. ಅವನು ಕೂಲಿ ಆಳು ಅಂದ್ರೆ ಮುಗೀತು. ಜೀತ ಅನ್ನೋ ಮಾತು ಅವನ ಬಾಯಾಗೆ ಬಂದ್ರೆ ನಾನು ಚನ್ನಗಿರಿ ಕೋರ್ಟು ಮೆಟ್ಲು ಹತ್ಬೇಕು. ಒಂದ್ ಮಾತು ಹೇಳು ಅವನಿಗೆ."

"ನಾನೇನು ಹೇಳ್ಲಿ ದಣೀ?"

"ನಿಮ್ಮ ಪುಸ್ತಕದಾಗೇ ಐತಲ್ಲಪ್ಪ! ನಿಮ್ಮ ದೊರೆ ನಮ್ಮ ತಂದೆಯವರ ಹತ್ರ ಬಂದು ಏನಂದಿದ್ರು ಗೊತ್ತೇನು? ಇವರನ್ನ ನಮ್ಮ ಧರ್ಮಕ್ಕೆ ಬಿಡ್ರಿ, ನಿಮ್ಮ ಆಳು ನಿಮಗೇ ಇರ್ತಾನೆ. ಹೆಂಡ ಬಿಡ್ತಾನೆ, ಕದಿಯೋದು ಬಿಡ್ತಾನೆ, ಎದುರಾಡೋದು ಬಿಡ್ತಾನೆ. ನಿಮಗೇನೂ ಲುಕ್ಸಾನಿಲ್ಲ ಅಂದಿದ್ರಂತೆ. ನಮ್ಮ ತಂದೆ ಲಿಂಗಪೂಜೆ ಮಾಡದೆ ನೀರು ಮುಟ್ಟದೋರು, ಆದ್ರೂ ಹೂಂ ಅಂದ್ರು. ಅದು ನಿಮ್ಮೋರು ನಮಗೆ ಕೊಟ್ಟ ಮಾತು, ತಿಳೀತಾ?"

ಅಪ್ಪ "ಹೇಳ್ತೀನಿ ದಣೀ" ಎಂದ. ಹೇಳುತ್ತೇನೆ ಎಂದಾಗ ಅವನಿಗೆ ಹಿಂಸೆಯಾದ ಹಾಗೆ ನನಗೆ ಕಾಣಲಿಲ್ಲ. ಅವನು ನಂಬಿದ್ದನ್ನೇ ಹೇಳಬೇಕಾಗಿತ್ತು. ದಣಿ ಹೋದ ಮೇಲೆ ಅಜ್ಜಿ ಒಳಗಿನಿಂದ, "ಏನ್ ಹೇಳ್ತೀಯೋ?" ಎಂದಳು. "ಇದ್ದದ್ದು ಹೇಳ್ತೀನವ್ವ. ದೇವ್ರು ಇಟ್ಟಂಗೆ ಇರು ಅಂತ." ಅಜ್ಜಿ ಮೊರ ಎತ್ತಿಕೊಂಡು ಹಿತ್ತಲಿಗೆ ಹೋದಳು. ಅವಳ ತಲೆಯಲ್ಲಿ ಬೇರೊಂದು ಯೋಚನೆ ನಡೆದಿತ್ತೆಂದು ಭಾನುವಾರ ತಿಳಿಯಿತು.

ಆ ಭಾನುವಾರ ಅಯ್ಯನವರು ಬರುವ ಸರದಿ. ಅವರ ಬಸ್ಸು ಬರುವುದು ಹತ್ತು ಗಂಟೆಯ ಮೇಲೆ; ಸುರುಳಿಯ ಪಾಠ ಎಂಟಕ್ಕೇ ಮುಗಿಯುತ್ತಿತ್ತು, ಹಾಗಾಗಿ ಅವರು ಅದನ್ನು ಎಂದೂ ಕೇಳಿರಲಿಲ್ಲ. ಅವರು ಸಭೆಗೆ ಹೊಸಬರು, ಮೂವತ್ತರ ಒಳಗಿನವರು. ಹಳೆಯ ಅಯ್ಯನವರು ಕೇಳಿದ್ದರೂ ಏನೂ ಅನ್ನುತ್ತಿರಲಿಲ್ಲ.

ಅಪ್ಪ ಆ ವಾರದ ಇಪ್ಪತ್ತೆರಡನೆಯ ಚಿತ್ರ ಬಿಟ್ಟು, "ಐದನೇದು ತೆಗಿ" ಎಂದ. ನಾನು ಸುರುಳಿಯನ್ನು ಹಿಂದಕ್ಕೆ ಸುತ್ತಿದೆ. ಚಿಕ್ಕಪ್ಪ ಬಾಗಿಲ ಹತ್ತಿರ ಮಂಡಿ ಅಪ್ಪಿಕೊಂಡು ಕೂತಿದ್ದ. ಅಪ್ಪ ಎಲ್ಲ ಮಾತನ್ನೂ ಒಂದೂ ತಪ್ಪದೆ ಹೇಳಿದ. ಕೊನೆಗೆ ಆಳು ಒಡೆಯನಿಗೆ ತಗ್ಗಿ ನಡೆಯಬೇಕೆಂಬ ಇನ್ನೊಂದು ಮಾತನ್ನೂ ಸೇರಿಸಿದ. ಕೈ ಮೇಲೆತ್ತಿ ನನಗೆ ರಟ್ಟೆ ಸೋತಿತ್ತು. ಚಿಕ್ಕಪ್ಪ ಚಿತ್ರವನ್ನು ನೋಡಲಿಲ್ಲ, ನನ್ನ ಕಾಲ ಕೆಳಗಿನ ಸ್ಟೂಲನ್ನು ನೋಡುತ್ತಿದ್ದ. ಅದರ ಒಂದು ಕಾಲು ಕುಂಟುತ್ತಿತ್ತು, ನಾನು ಬೀಳುತ್ತೇನೇನೋ ಎಂದು ಅವನಿಗೆ ಗಾಬರಿ.

ಪಾಠ ಮುಗಿದ ಕೂಡಲೇ ಅಜ್ಜಿ ಬಂದು, "ಸುರುಳಿ ಇತ್ತಾಗ್ ಕೊಡು, ನಾನು ಒಯ್ತೀನಿ," ಎಂದು ಕಸಿದುಕೊಂಡು ಹೋದಳು. ಆರಾಧನೆಗೂ ಬರಲಿಲ್ಲ.

ಆರಾಧನೆ ಮುಗಿದ ಮೇಲೆ ಅಯ್ಯನವರ ಊಟ ನಮ್ಮ ಮನೆಯಲ್ಲಿ. ಅವರು, ಅಪ್ಪ, ಚಿಕ್ಕಪ್ಪ, ನಾನು ಒಟ್ಟಿಗೇ ಬಂದೆವು. ಒಳಗೆ ಕಾಲಿಟ್ಟರೆ ನಡುಮನೆಯ ಗೋಡೆಗೆ ಸುರುಳಿ ನೇತಾಡುತ್ತಿದೆ, ಐದನೆಯ ಚಿತ್ರಕ್ಕೆ ಬಿಚ್ಚಿದೆ. ಕಪ್ಪು ಮಗನ ಹಣೆಗೆ ವಿಭೂತಿ. ಅವನ ಮುಂದೆ ಬಾಳೆ ಎಲೆ. ಅದರಲ್ಲಿ ಅನ್ನ, ಹೋಳಿಗೆ, ಬದನೆಕಾಯಿ ಪಲ್ಯ, ಪಕ್ಕದಲ್ಲಿ ಒಂದು ಹೊಸ ಟವೆಲು, ಎಲೆ ಅಡಿಕೆ, ಎರಡು ಬೀಡಿ.

ಅದು ಹಿರಿಯರಿಗೆ ಎಡೆ ಇಡುವ ಪಕ್ಷ. ಊರವರೆಲ್ಲ ಸತ್ತ ತಮ್ಮ ಹಿರೀಕರಿಗೆ ಇಷ್ಟವಾದ ಅಡುಗೆ ಮಾಡಿ, ಹೊಸ ಬಟ್ಟೆ ಇಟ್ಟು, ಉಣ್ಣಲು ಕರೆಯುತ್ತಾರೆ. ನಮ್ಮ ಸಭೆಯವರು ಇದನ್ನು ಮಾಡಬಾರದು ಎಂದು ಕಟ್ಟಪ್ಪಣೆ ಇತ್ತು. ಅಜ್ಜಿ ಅಜ್ಜನಿಗೆ ಹಿತ್ತಲಲ್ಲಿ ಕದ್ದು ಇಡುತ್ತಿದ್ದಳು. ಅಪ್ಪ ಕಂಡೂ ಕಾಣದ ಹಾಗೆ ಇರುತ್ತಿದ್ದ. ನಡುಮನೆಯಲ್ಲಿ, ಅದೂ ಮಿಶನ್ನಿನ ಸುರುಳಿಗೆ, ಎಂದೂ ಇಟ್ಟಿರಲಿಲ್ಲ.

ಅಪ್ಪನ ಮುಖ ಸಣ್ಣದಾಯಿತು. "ಏನವ್ವಾ ಇದು! ಅಯ್ಯನವರು ಬಂದಾರೆ..."

"ಬರ್ಲಿ ಬಿಡು. ಪಕ್ಷದ ದಿನ ಬಂದೋರು ಉಣ್ಬೇಕು. ಕುಂಡ್ರಿ ಅಯ್ಯನೋರೇ."

ಅಯ್ಯನವರು ಕೂರಲಿಲ್ಲ. "ಯಾರಿಗಮ್ಮ ಈ ಎಡೆ?"

"ನಮ್ಮ ಹಿರೀಕಗೆ."

"ಯಾವ ಹಿರೀಕ?"

"ಇವನೇ, ಈ ಕರೇ ಮಗ. ಕಾಣವಲ್ದೇನು? ನಮ್ಮ ಮಕ್ಕಳಂಗೇ ಅದಾನೆ. ಪಾಪ, ಇವನಿಗೆ ಶಾಪ ಬಿತ್ತು ಅಂತ ಇವ್ರು ವರ್ಷಾ ವರ್ಷಾ ಹೇಳ್ತಾರೆ, ಒಬ್ರಾದ್ರೂ ಒಂದ್ ತುತ್ತು ಇಟ್ಟಾರಾ? ಆ ಬಿಳೇ ಅಣ್ಣ ತಮ್ಮರ ಮಕ್ಕಳು ಇಡ್ತಾರಾ? ಹಸ್ಕೊಂಡು ನಮ್ಮ ಬೆನ್ನಿಗೆ ಬಿದ್ದಾನೆ. ಅದಕ್ಕೇ ನನ್ನ ಕಿರಿಮಗನ ಜೀತ ಬಿಡವಲ್ದು. ಬುಧವಾರ ಚಾವಡಿಗೆ ಬರ್ತಾರಂತೆ ಅಯ್ಯನೋರೇ. ಅಷ್ಟ್ರಾಗೆ ಇವನಿಗೆ ಹೊಟ್ಟೆ ತುಂಬಿದ್ರೆ ನನ್ನ ಮಗನ್ನ ಬಿಡ್ಬಹುದು."

ಅಯ್ಯನವರು ಬೈಯುತ್ತಾರೆಂದು ನಾನು ಕಾದೆ. ಅವರು ಚಿತ್ರದ ಹತ್ತಿರ ಹೋಗಿ ನೋಡಿದರು. ಆಮೇಲೆ ತಿರುಗಿ, "ಇವನು ಕಪ್ಪಾಗಿದ್ದ, ಕಪ್ಪಗಿರೋರೆಲ್ಲ ಸೇವೆಗೆ ಅಂತ ನಿಮಗೆ ಯಾರು ಹೇಳಿದ್ರು?" ಎಂದರು. ಅಜ್ಜಿ ಅಪ್ಪನನ್ನು ನೋಡಿದಳು. ಚಿಕ್ಕಪ್ಪನೂ ನೋಡಿದ. ಅಪ್ಪ ಗೋಡೆಯ ಮೇಲಿದ್ದ ಅಜ್ಜನ ಫೋಟೋ ನೋಡಿದ.

"ದೊರೆಗಳು ಕಲಿಸಿದ್ದು," ಎಂದ.

"ಉಪದೇಶಿಗಳೇ, ಆ ಪುಟ ನೀವು ಓದೀರಾ?"

"ಬಾಯಿಪಾಠ ಐತಲ್ಲ ಅಯ್ಯನವರೇ."

"ಬಾಯಿಪಾಠ ಅಲ್ಲ, ಪುಟ."

ಅಪ್ಪನಿಗೆ ಕಣ್ಣು ಮಂಜು. ಅಯ್ಯನವರು ದೊಡ್ಡ ಪುಸ್ತಕದಲ್ಲಿ ಜಾಗ ಹುಡುಕಿ ನನ್ನ ಕೈಗೆ ಕೊಟ್ಟರು. ನಾನು ಕಿಟಕಿಯ ಬೆಳಕಿಗೆ ಹೋಗಿ ಓದಿದೆ. ಶಾಲೆಯಲ್ಲಿ ಓದುವ ಹಾಗೆ, ಗಟ್ಟಿಯಾಗಿ. ಅಲ್ಲಿದ್ದದ್ದು ಇಷ್ಟು: ಪ್ರವಾಹ ಇಳಿದ ಮೇಲೆ ಮುದುಕ ದ್ರಾಕ್ಷಿ ತೋಟ ಹಾಕಿದ. ಅದರ ರಸ ಕುಡಿದು ಅಮಲೇರಿ ಗುಡಾರದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಬಿದ್ದ. ಒಬ್ಬ ಮಗ ನೋಡಿ ಹೊರಗಿದ್ದ ಅಣ್ಣತಮ್ಮಂದಿರಿಗೆ ಹೇಳಿದ. ಅವರಿಬ್ಬರು ಹಿಮ್ಮುಖವಾಗಿ ನಡೆದು ಹೋಗಿ ಬಟ್ಟೆ ಹೊದಿಸಿದರು. ಮುದುಕ ಎಚ್ಚರವಾಗಿ ಎದ್ದು, ಅಣ್ಣತಮ್ಮಂದಿರಿಗೆ ಆಳಾಗಿ ಬಿದ್ದಿರಲಿ ಎಂದು ಶಾಪ ಹಾಕಿದ. ನೋಡಿದ ಮಗನಿಗೂ ಅಲ್ಲ, ಆ ಮಗನ ಮಗನಿಗೆ.

ನಾನು ನಿಲ್ಲಿಸಿದೆ. "ಮುಂದೆ?" ಎಂದ ಅಪ್ಪ. "ಅಷ್ಟೇ ಅಪ್ಪ. ಮುದುಕ ಎಷ್ಟು ವರ್ಷ ಬದುಕಿದ ಅಂತ ಐತೆ, ಆಮೇಲೆ ಸತ್ತ." "ಕಪ್ಪಾದ ಅಂತ?" "ಇಲ್ಲ." "ಸರಿಯಾಗಿ ನೋಡು." ಇನ್ನೊಂದು ಸಲ ಓದಿದೆ. ಮೂವರಲ್ಲಿ ಯಾರ ಬಣ್ಣವೂ ಅಲ್ಲಿರಲಿಲ್ಲ.

ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ಅಂದ್ರೆ ಶಾಪ ಹಾಕಿದ್ದು ದೇವ್ರಲ್ಲ?"

"ಅಲ್ಲಮ್ಮ. ದೇವರು ಅಲ್ಲಿ ಮಾತೇ ಆಡಿಲ್ಲ," ಎಂದರು ಅಯ್ಯನವರು.

"ಕುಡುದು ಎದ್ದ ಮುದುಕ?"

"ಹೂಂ."

"ಥೂ ಇವರ! ನಿಮ್ಮಜ್ಜ ದೊರೆ ಹತ್ರ ಸೇರಾಕ್ ಮುಂಚೆ ಕುಡುದು ಎದ್ದಾಗೆಲ್ಲ ನನಗೆ ಶಾಪ ಹಾಕ್ತಿದ್ದ. ಅದನ್ನ ಯಾರಾದ್ರೂ ಬಟ್ಟಿ ಮ್ಯಾಲೆ ಬರ್ದು ಗೋಡಿಗೆ ತೂಗು ಹಾಕಿದ್ರೇನು?"

ಚಿಕ್ಕಪ್ಪ ನಕ್ಕುಬಿಟ್ಟ. ನಗಬಾರದಿತ್ತು ಎನಿಸಿತೋ ಏನೋ, ಟವೆಲಿನಿಂದ ಬಾಯಿ ಒರೆಸಿಕೊಂಡ.

ಆಗ ಅಯ್ಯನವರು ಕೂತರು. ಎಲೆಯ ಮುಂದೆ ಅಲ್ಲ, ಗೋಡೆಗೆ ಒರಗಿ ಕೂತು ಹೇಳಿದರು. ದೂರದ ದೇಶದಲ್ಲಿ ಬಿಳಿಯರು ಆಫ್ರಿಕಾದ ಜನರನ್ನು ಹಿಡಿದು, ಸರಪಳಿ ಹಾಕಿ, ಹಡಗಿನ ತಳದಲ್ಲಿ ತುಂಬಿ ಒಯ್ದದ್ದು. ಸಂತೆಯಲ್ಲಿ ನಿಲ್ಲಿಸಿ ಮಾರಿದ್ದು. ತಾಯಿಯನ್ನು ಒಬ್ಬ ಕೊಂಡರೆ ಮಗುವನ್ನು ಇನ್ನೊಬ್ಬ ಕೊಂಡದ್ದು. ಕೊಂಡವರು ಭಾನುವಾರ ತಪ್ಪದೆ ಗುಡಿಗೆ ಹೋಗುತ್ತಿದ್ದರಂತೆ. ಇದು ಹೇಗೆ ಸರಿ ಎಂದು ಯಾರಾದರೂ ಕೇಳಿದರೆ ಈ ಮುದುಕನ ಕತೆ ಹೇಳುತ್ತಿದ್ದರಂತೆ. ಇವರು ಶಾಪದ ಮಕ್ಕಳು, ನಾವು ಮಾಡುತ್ತಿರುವುದು ದೇವರ ಮಾತು ನಡೆಸಿದಂತೆ, ಎಂದು. ಕಪ್ಪು ಬಣ್ಣವನ್ನು ಅವರೇ ಬಳಿದದ್ದು. ಆಮೇಲೆ ನಮ್ಮಂಥ ದೇಶಗಳನ್ನು ಆಳಲು ಬಂದವರಿಗೂ ಅದೇ ಕತೆ ಉಪಯೋಗಕ್ಕೆ ಬಂತು.

"ಸಂತ್ಯಾಗೆ ಹಲ್ಲು ಹಿಡ್ದು ನೋಡ್ತಿದ್ರೇನು, ಎತ್ತಿಗೆ ನೋಡ್ದಂಗೆ?" ಎಂದ ಚಿಕ್ಕಪ್ಪ. ಅವನು ಅಯ್ಯನವರೊಂದಿಗೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ನೋಡ್ತಿದ್ರಂತೆ."

ಚಿಕ್ಕಪ್ಪ ತಲೆ ಆಡಿಸಿದ. ಅವನಿಗೆ ಎತ್ತಿನ ಸಂತೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಅಷ್ಟಕ್ಕೇ ಬಿಡುವವನಲ್ಲ. "ಆದ್ರೂ ಅಯ್ಯನವರೇ, ಆಳು ಒಡೆಯನಿಗೆ ತಗ್ಗಿ ನಡೀಬೇಕು ಅಂತ ಕಡೇ ಭಾಗದಾಗೆ ಐತೆ. ಅದನ್ನ ನಾನು ಕಣ್ಣಾರೆ ಓದೀನಿ. ಅದು ಸುಳ್ಳಲ್ಲ."

"ಸುಳ್ಳಲ್ಲ. ಇದೆ. ಅದನ್ನೂ ಅವರು ಓದಿ ಓದಿ ಹೇಳಿದ್ರು. ಅದೇ ಪುಸ್ತಕ ಹಿಡ್ಕೊಂಡು ಇದು ಪಾಪ ಅಂತ ಜಗಳಕ್ಕೆ ನಿಂತೋರೂ ಇದ್ರು. ಬಹಳ ತಡವಾಗಿ, ಬಹಳ ಕಡಿಮೆ ಜನ. ಉಪದೇಶಿಗಳೇ, ಒಂದು ಕೇಳ್ತೀನಿ. ಜೀತಕ್ಕಿದ್ದ ಜನಾನ ಅವರ ಒಡೆಯನ ಕೈಯಿಂದ ಬಿಡಿಸಿ ಸಮುದ್ರ ದಾಟಿಸಿದ ಕತೆ ಆ ಪುಸ್ತಕದಲ್ಲೇ ಇದೆ. ನಿಮ್ಮ ಸುರುಳೀಲಿ ಆ ಚಿತ್ರ ಎಷ್ಟನೇದು?"

ಅಪ್ಪ ನನ್ನ ಕಡೆ ತಿರುಗಿದ. ನನಗೆ ನಲವತ್ತೂ ವರಸೆಯಲ್ಲಿ ಗೊತ್ತು. ಹನ್ನೊಂದನೆಯದು ಬುಟ್ಟಿಯಲ್ಲಿ ತೇಲಿ ಬರುವ ಕೂಸು. ಹನ್ನೆರಡನೆಯದು ಅದೇ ಕೂಸು ಮುದುಕನಾಗಿ ಬೆಟ್ಟದ ಮೇಲೆ ಕಲ್ಲಿನ ಹಲಗೆ ಹಿಡಿದು ನಿಂತದ್ದು, ಹಲಗೆಯ ತುಂಬ ಆಜ್ಞೆಗಳು. ನಡುವೆ ಅವನು ಆ ಜನರನ್ನು ಬಿಡಿಸಿ ಸಮುದ್ರ ದಾಟಿಸಿದ್ದರ ಚಿತ್ರ ಇರಲಿಲ್ಲ. ಅಷ್ಟು ವರ್ಷ ಸುರುಳಿ ಸುತ್ತಿದ ನನಗೆ ಅದು ಹೊಳೆದಿರಲೂ ಇಲ್ಲ.

"ಇಲ್ಲ," ಎಂದೆ.

ಹೋಳಿಗೆಯ ಮೇಲೆ ನೊಣ ಕೂರುತ್ತಿತ್ತು, ಅಜ್ಜಿ ಬೀಸಿ ಓಡಿಸಿದಳು. ಚಿಕ್ಕಪ್ಪ ಎದ್ದು ನಿಂತ. ಕೂಗಾಡುವ ಸ್ವಭಾವ ಅವನದಲ್ಲ.

"ಅಣ್ಣಾ, ನೀನು ಓದ್ದೋನು ಅಂತ ನಾನು ಹೋದಲ್ಲೆಲ್ಲ ಹೇಳ್ಕೊಂಡು ತಿರುಗ್ತಿದ್ದೆ. ನೀನು ಓದೋವಾಗ ನಾನು ಸಗಣಿ ಬಾಚಿದ್ದು. ಒಂದೇ ಒಂದ್ ಸಲ ಪುಟ ತಿರುವಿದ್ರೆ ನಿನ್ನ ಬೆರಳು ಸವೀತಿತ್ತೇನಣ್ಣಾ?"

ಚಿಕ್ಕಪ್ಪ ಎಡೆಯ ಮುಂದಿದ್ದ ಎರಡು ಬೀಡಿಯಲ್ಲಿ ಒಂದನ್ನು ಎತ್ತಿಕೊಂಡು, "ಹಿರೀಕಗೆ ಒಂದು ಸಾಕು," ಎಂದು ಹೊರಗೆ ನಡೆದ. ಬುಧವಾರ ಏನು ಹೇಳುತ್ತಾನೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂದು ಅಯ್ಯನವರು ಹೋಳಿಗೆ ಉಂಡರು. ಎಡೆಯದಲ್ಲ, ಪಾತ್ರೆಯದು. ಅಜ್ಜಿಗೆ ಅದರಲ್ಲಿ ಭೇದ ಕಾಣಲಿಲ್ಲ.

ಬುಧವಾರ ಅಪ್ಪ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಕಣ್ಣು ಕಾಣದ್ದಕ್ಕೆ ಕೈ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು. ಇಬ್ಬರೂ ಬೆಳಗಿನ ಬಸ್ಸಿಗೆ ತ್ಯಾವಣಿಗೆಗೆ ಹೋದೆವು. ಅಪ್ಪ ಗುಡಿಗೆ ಹಾಕುವ ಬಿಳಿ ಅಂಗಿಯನ್ನೇ ಹಾಕಿದ್ದ. ದಾರಿಯಲ್ಲಿ ಒಂದು ಸಲ, "ಹೆಂಗೆ ಹೇಳಾಕೆ ಬರ್ತೈತೆ ಹೇಳು," ಎಂದ. ಯಾರಿಗೆ, ಏನನ್ನು ಎಂದು ನಾನು ಕೇಳಲಿಲ್ಲ.

ಚಾವಡಿಯಲ್ಲಿ ಮೇಜು ಹಾಕಿ ಸಾಹೇಬರೊಬ್ಬರು ಕೂತಿದ್ದರು. ಹತ್ತಾರು ಆಳುಗಳು ಕಂಬದ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದರು. ದಣಿಗಳು ಬೆಂಚಿನ ಮೇಲೆ. ಒಬ್ಬೊಬ್ಬ ಆಳೂ ಎದ್ದು ಕೂಲಿ ಮಾಡ್ತೀನಿ ಸ್ವಾಮಿ ಎಂದು ಹೇಳಿ ಕೂರುತ್ತಿದ್ದ. ಚಿಕ್ಕಪ್ಪನ ಸರದಿ ಬಂದಾಗ ನಮ್ಮ ದಣಿಯೇ ಮೊದಲು ಮಾತಾಡಿದರು.

"ಇವನು ಸಣ್ಣೋನಿದ್ದಾಗಿಂದ ನಮ್ಮನೇಲೇ ಬೆಳೆದೋನು ಸಾಹೇಬ್ರೇ. ಮನೆ ಮಗ ಇದ್ದಂಗೆ. ಬೇಕಿದ್ರೆ ಅವರಣ್ಣ ಬಂದಾನೆ, ಅವರ ಧರ್ಮದ ಉಪದೇಶಿ, ಕೇಳ್ರಿ. ಹೇಳಪ್ಪ ಉಪದೇಶಿ, ನಿಮ್ಮ ಪುಸ್ತಕದಾಗೆ ಏನೈತೆ?"

ಅಪ್ಪ ನನ್ನ ಕೈ ಬಿಟ್ಟು ನಿಂತ. "ನಮ್ಮ ಪುಸ್ತಕದಾಗೆ ಇವನು ಜೀತಕ್ಕಿರ್ಬೇಕು ಅಂತ ಇಲ್ಲ ದಣೀ. ಐತೆ ಅಂತ ನಾನು ಹೇಳ್ತಿದ್ದೆ. ನೋಡದೇ ಹೇಳ್ತಿದ್ದೆ. ತಪ್ಪು ನಂದು," ಎಂದ. ದನಿ ಎತ್ತಲಿಲ್ಲ. ಹಿಂದೆ ಕೂತವರಿಗೆ ಕೇಳಿಸಿರಲಿಕ್ಕಿಲ್ಲ.

ಸಾಹೇಬರಿಗೆ ಪುಸ್ತಕದ ಗೊಡವೆ ಬೇಕಿರಲಿಲ್ಲ. ಚಿಕ್ಕಪ್ಪನನ್ನು ಕೇಳಿದರು. "ನೀನು ಹೇಳಯ್ಯಾ. ಮನೆ ಮಗನಾ, ಜೀತದಾಳಾ?"

ಚಿಕ್ಕಪ್ಪ ದಣಿಯನ್ನು ನೋಡಿದ, ಅಣ್ಣನನ್ನು ನೋಡಿದ.

"ನಾನು ಉಣ್ಣೋ ತಾಟು ಕೊಟ್ಟಿಗೆ ಸೂರಿನಾಗೆ ಸಿಗಿಸಿರ್ತೈತೆ ಸ್ವಾಮಿ. ಇವರ ಮಗನ ತಾಟು ಎಲ್ಲೈತೆ, ಹೋಗಿ ನೋಡ್ಕೊಂಡ್ ಬರ್ರಿ. ನಾನು ಕಂಡಿದ್ದು ಇಷ್ಟು."

ಸಾಹೇಬರು ಬರೆದುಕೊಂಡರು. ಚಿಕ್ಕಪ್ಪ ಎಡಗೈ ಹೆಬ್ಬೆಟ್ಟು ಒತ್ತಿದ. ಒತ್ತಿದ ಶಾಯಿಯನ್ನು ಕಂಬಕ್ಕೆ ಒರೆಸಿದ. ಕಂಬದ ಪಕ್ಕ ಕೂತವರಲ್ಲಿ ಇಬ್ಬರು ಮತ್ತೆ ಎದ್ದು, ನಮ್ಮದೂ ತಿದ್ದಿ ಬರೀರಿ ಸ್ವಾಮಿ ಎಂದರು. ದಣಿ ಮೇಲೆದ್ದು, "ಉಪದೇಶಿ, ನಿಮ್ಮ ದೊರೆ ಇದ್ದಿದ್ರೆ ಹಿಂಗಾಗ್ತಿರ್ಲಿಲ್ಲ," ಎಂದು ಶಲ್ಯ ಕೊಡವಿ ಹೋದರು. ಅವರು ಹೇಳಿದ್ದು ನಿಜವೇ ಇದ್ದೀತು ಎಂದು ಅಪ್ಪ ಬಸ್ಸಿನಲ್ಲಿ ಹೇಳಿದ.

ಚಿಕ್ಕಪ್ಪ ತಾಟು ತರಲು ಸಹ ಹಿಂದಿರುಗದೆ ನಮ್ಮ ಜೊತೆಗೇ ಬಂದ. ಬಿಡುಗಡೆಯ ಕಾಗದ ಚನ್ನಗಿರಿಯಿಂದ ಬರಲು ಆರು ತಿಂಗಳಾಯಿತು. ಅಷ್ಟು ದಿನ ನಮ್ಮ ಮನೆಯಲ್ಲಿದ್ದು, ನಸುಕಿಗೇ ಎದ್ದು ಹಿತ್ತಲಲ್ಲಿ ನಿಲ್ಲುತ್ತಿದ್ದ. ಬಿಚ್ಚಲು ಎತ್ತಿಲ್ಲ, ಬಾಚಲು ಸಗಣಿಯಿಲ್ಲ. ಅವ್ವನಿಗೆ ನೀರು ಸೇದಿ ಹಂಡೆ, ಕೊಡ, ಚೊಂಬು ಎಲ್ಲ ತುಂಬಿಸಿಬಿಡುತ್ತಿದ್ದ. ಅಣ್ಣನೊಂದಿಗೆ ಬೇಕಾದಷ್ಟೇ ಮಾತು. ಗುಡಿಗೆ ಬರಲಿಲ್ಲ. ಒಂದು ದಿನ ನನ್ನ ಹಳೆಯ ಸ್ಲೇಟು ಕೇಳಿದ. "ನಿಮ್ಮಪ್ಪ ಓದಿ ಹೇಳೋದು ಸಾಕು, ನಾನೇ ನೋಡ್ಕೊಂತೀನಿ," ಎಂದ. ಬೇಸಿಗೆ ಬರುವುದರೊಳಗೆ ಬಸ್ಸಿನ ಬೋರ್ಡು ಓದುವಷ್ಟು ಕಲಿತ. ಕಲಿತವನು ಜಗಳೂರು ಎಂದಿದ್ದ ಬಸ್ಸು ಹತ್ತಿ ರಸ್ತೆ ಕೆಲಸಕ್ಕೆ ಹೋದ. ಅಲ್ಲಿ ತನ್ನ ದಣಿ ಯಾರೆಂದು ಯಾರಿಗೂ ಗೊತ್ತಿಲ್ಲ ಎನ್ನುವುದೇ ಅವನಿಗೆ ಆ ಊರಿನ ಗುಣ.

ಅಪ್ಪ ಐದನೆಯ ಚಿತ್ರವನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದ. ಒಲೆಗೆ ಹಾಕಲು ಹೋದಾಗ ಅಜ್ಜಿ ಕೈ ಹಿಡಿದಳು. "ನಮ್ಮ ಹಿರೀಕನ್ನ ಸುಡ್ತೀಯೇನೋ? ಶಾಪ ಇಲ್ಲ ಅಂತ ಆತಲ್ಲ, ಇನ್ನ ಅವನದೇನು ತಪ್ಪು?" ಅವಳು ಸಾಯುವ ತನಕ ಪ್ರತಿ ಪಕ್ಷಕ್ಕೂ ಅವನಿಗೆ ಹೋಳಿಗೆ ಇಟ್ಟಳು. ಅಪ್ಪ ಹಿಂದಿನಂತೆ ಕಂಡೂ ಕಾಣದ ಹಾಗೆ ಇದ್ದ. ಗುಡಿಯಲ್ಲಿ ನಾಲ್ಕನೆಯದಾದ ಮೇಲೆ ಸುರುಳಿಯಲ್ಲಿ ತೂತು ಬರುತ್ತಿತ್ತು. ತೂತಿನಲ್ಲಿ ನನ್ನ ಲಂಗ ಕಂಡು ಮಕ್ಕಳು ನಗುತ್ತಿದ್ದವು. ಅಪ್ಪ ಆ ಜಾಗಕ್ಕೆ ಬಂದಾಗ, "ಇಲ್ಲಿದ್ದದ್ದು ನಾನು ತಪ್ಪು ಹೇಳಿದ್ದೆ," ಎಂದು ಹೇಳಿ ಆರನೆಯದಕ್ಕೆ ಹೋಗುತ್ತಿದ್ದ. ಹನ್ನೊಂದರ ಮೇಲೆ ಸಮುದ್ರ ದಾಟಿದ ಕತೆಯನ್ನು ಚಿತ್ರವಿಲ್ಲದೆಯೇ ಹೇಳಲು ಕಲಿತ. ಬಾಯಿಪಾಠ ಮಾಡಿಸಿದವರಿಲ್ಲದ್ದರಿಂದ ತಡವರಿಸುತ್ತಿದ್ದ. ಪ್ರತಿಸಲ ಬೇರೆ ಬೇರೆ ಥರ ಹೇಳುತ್ತಿದ್ದ. ಆಳು ಒಡೆಯನಿಗೆ ತಗ್ಗಬೇಕೆಂಬ ಮಾತು ಪುಸ್ತಕದಲ್ಲಿ ಇದ್ದೇ ಇತ್ತು. ಅದನ್ನು ಅವನು ಮತ್ತೆ ಗಟ್ಟಿಯಾಗಿ ಓದಲಿಲ್ಲ.

ನಾನು ಟೀಚರ್ ಟ್ರೈನಿಂಗ್ ಮುಗಿಸಿ ಮೊದಲು ನ್ಯಾಮತಿಯ ಶಾಲೆಯಲ್ಲಿ ಕೆಲಸಕ್ಕೆ ಸೇರಿದೆ. ಕೆಲವು ವರ್ಷಗಳ ಮೇಲೆ, ಎಂಬತ್ತರ ದಶಕದ ನಡುವೆ, ಜಗಳೂರಿಗೆ ವರ್ಗವಾಯಿತು. ಹೋದ ವಾರದಲ್ಲೇ ಚಿಕ್ಕಪ್ಪನ ಮನೆ ಹುಡುಕಿಕೊಂಡು ಹೋದೆ. ಅಷ್ಟರಲ್ಲಿ ಅವನಿಗೆ ಸರ್ಕಾರದ ಒಂದು ಜನತಾ ಮನೆ ಸಿಕ್ಕಿತ್ತು, ರಸ್ತೆ ಕೆಲಸದಲ್ಲೇ ಪರಿಚಯವಾದ ಒಬ್ಬ ವಿಧವೆಯನ್ನು ಕೂಡಿಕೆ ಮಾಡಿಕೊಂಡಿದ್ದ. ಒಳಗೆ ನಡುಗೋಡೆಗೆ, ಬಾಗಿಲಿಂದ ಬಂದವರಿಗೆ ಮೊದಲು ಕಾಣುವ ಹಾಗೆ, ಐದನೆಯ ಚಿತ್ರ. ಅಜ್ಜಿ ತೀರಿಕೊಂಡಾಗ ಬಂದವನು ಬೇರೇನೂ ಕೇಳದೆ ಅದೊಂದನ್ನು ಒಯ್ದಿದ್ದ. ಅದರ ಕೆಳಗೆ ಗೂಡಿನಲ್ಲಿ ಅವನ ತಾಟು, ಹೆಂಡತಿಯ ತಾಟು, ಒಂದರ ಮೇಲೊಂದು.

ಮರುಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಕಣ್ಣಿನ ಆಪರೇಶನ್ ಆಗಿ ದಪ್ಪ ಕನ್ನಡಕ ಬಂದಿತ್ತು. ಅಣ್ಣತಮ್ಮ ಇಬ್ಬರೂ ಚಾಪೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದಾಗ ಪಕ್ಕದ ಮನೆಯಾಕೆ ಕೊಡಲಿ ಕೇಳಲು ಬಂದಳು. ಚಿತ್ರ ನೋಡಿ ನಿಂತಳು. ಹೊಸಬಳಿರಬೇಕು.

"ಇವನ್ಯಾರು ಮಾವ, ತಲೆ ತಗ್ಗಿಸ್ಕೊಂಡು ನಿಂತಾನೆ?"

"ನಮ್ಮ ಹಿರೀಕ," ಎಂದ ಚಿಕ್ಕಪ್ಪ.

"ಆ ಮುದುಕ ಯಾಕೆ ಹಂಗೆ ಬೈತಾನೆ? ಏನು ಮಾಡಿದ್ದ ಇವನು?"

ಚಿಕ್ಕಪ್ಪ ಅಪ್ಪನ ಕಡೆ ನೋಡಿದ. ಅದು ಸವಾಲೋ, ಅಣ್ಣನಿಗೆ ಬಿಟ್ಟುಕೊಟ್ಟ ಗೌರವವೋ ನನಗೆ ಈಗಲೂ ಗೊತ್ತಿಲ್ಲ. ಅಪ್ಪ ಬಾಯಲ್ಲಿದ್ದ ಮಂಡಕ್ಕಿ ನುಂಗಿ, ಕನ್ನಡಕ ಸರಿ ಮಾಡಿಕೊಂಡು, ಎದ್ದು ಚಿತ್ರದ ಹತ್ತಿರಕ್ಕೇ ಹೋಗಿ ನೋಡಿದ.

"ಏನೂ ಮಾಡಿರ್ಲಿಲ್ಲವ್ವ," ಎಂದ. "ಕಂಡದ್ದನ್ನ ಹೇಳಿದ್ದ. ಅಷ್ಟೆ."